ಪೆಟ್ಟಿಗೆಯ ಮೇಲಿನ ಬರಹ

ಮಸ್ಕಿ ಎಂದ ಕೂಡಲೇ ನಮಗೆ ಅಶೋಕ ನೆನಪಾಗುತ್ತಾನೆ. 1915ರಲ್ಲಿ ಇಲ್ಲಿನ ಬಂಡೆಯೊಂದರ ಮೇಲೆ ಸಿಕ್ಕ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದುದರಿಂದ, ಅಲ್ಲಿಯವರೆಗೆ ವಿದ್ವಾಂಸರು ಊಹಿಸಿ ಹೇಳುತ್ತಿದ್ದ ಮಾತಿಗೆ ಆಧಾರ ಸಿಕ್ಕಿತು. ಇದನ್ನು ಶಾಲೆಯಲ್ಲೇ ಓದಿರುತ್ತೇವೆ. ಆ ಶಾಸನವನ್ನು ಮೊದಲು ಗುರುತಿಸಿದ ಸಿ. ಬೀಡನ್ ಚಿನ್ನದ ಗಣಿಯ ಎಂಜಿನಿಯರ್ ಆಗಿದ್ದರು ಎಂಬುದು ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿಯುವುದಿಲ್ಲ. ಮಸ್ಕಿ, ಲಿಂಗಸುಗೂರು, ಸಿಂಧನೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಈ ಸೀಮೆಗೆ ಹೊರಗಿನ ಎಂಜಿನಿಯರುಗಳು ಬಂದದ್ದು ಇತಿಹಾಸದ ಆಸೆಗಲ್ಲ, ಚಿನ್ನದ ಆಸೆಗೆ.

ಚಿನ್ನದ ಹಿಂದೆ ಯಾವಾಗಲೂ ಅಪಾಯದ ಸರಕು ಬರುತ್ತದೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ 640 ಅಡಿ ಆಳದವರೆಗೆ ಇಳಿದು ಅದಿರು ತೆಗೆದಿದ್ದರು. ಅವರ ಬಳಿ ಸಿಡಿಮದ್ದು ಇರಲಿಲ್ಲ. ಬಂಡೆಯ ಮೈಗೆ ಬೆಂಕಿ ಹಾಕಿ ಕಾಯಿಸಿ, ಬಿರುಕು ಬಿಟ್ಟ ಕಲ್ಲನ್ನು ಒಡೆಯುತ್ತಿದ್ದರು. ಆ ಹೊಗೆಯಲ್ಲಿ ಎಷ್ಟು ಜನ ಸತ್ತರೋ, ಲೆಕ್ಕ ಬರೆದಿಟ್ಟವರಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಗಣಿಗಾರಿಕೆಗೆ ಎರಡು ಹೊಸ ಸರಕುಗಳು ಸೇರಿಕೊಂಡವು. 1867ರಲ್ಲಿ ಆಲ್ಫ್ರೆಡ್ ನೊಬೆಲ್ ಪೇಟೆಂಟ್ ಪಡೆದ ಡೈನಮೈಟ್ ಒಂದು. 1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ರೂಪಿಸಿದ ಸಯನೈಡ್ ವಿಧಾನ ಇನ್ನೊಂದು. ಪುಡಿ ಮಾಡಿದ ಅದಿರನ್ನು ತೆಳುವಾದ ಸಯನೈಡ್ ದ್ರಾವಣದಲ್ಲಿ ನೆನೆಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನವೂ ಕರಗಿ ಹೊರಬರುತ್ತದೆ. ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ಬರುವುದು ಈ ವಿಷದ ಕೈಹಿಡಿದೇ.

ಎಲ್ಲೋ ತಯಾರಾಗುವ ಇಂಥ ಸರಕು ಹಡಗು, ರೈಲು, ಲಾರಿ ಹತ್ತಿ ನಮ್ಮೂರಿಗೆ ಬರುತ್ತದೆ. ದಾರಿಯಲ್ಲಿ ಅದನ್ನು ಮುಟ್ಟುವ ಹತ್ತಾರು ಜನರಿಗೆ ಒಳಗೆ ಏನಿದೆ ಎಂದು ಹೇಳಬೇಕಾದವರು ಯಾರು? ಸಾಗಣೆಯ ಇತಿಹಾಸ ಓದಲು ಕೂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆ. ಇದಕ್ಕೆ ಎಲ್ಲಕ್ಕಿಂತ ಕಟ್ಟುನಿಟ್ಟಾದ ಉತ್ತರ ಕೊಟ್ಟಿರುವುದು ವಿಮಾನ ಸಾಗಣೆ. ಅದೂ ಒಮ್ಮೆಲೇ ಕೊಟ್ಟದ್ದಲ್ಲ.

ನೊಬೆಲ್‌ಗೆ ಡೈನಮೈಟ್ ಪೇಟೆಂಟ್ ಸಿಗುವ ಹಿಂದಿನ ವರ್ಷ, 1866ರ ಏಪ್ರಿಲ್ 16ರಂದು, ಸ್ಯಾನ್ ಫ್ರಾನ್ಸಿಸ್ಕೋದ ವೆಲ್ಸ್ ಫಾರ್ಗೋ ಸಾಗಣೆ ಕಂಪನಿಯ ಕಚೇರಿಗೆ ಸೋರುತ್ತಿದ್ದ ಪೆಟ್ಟಿಗೆಯೊಂದು ಬಂತು. ಸೋರಿಕೆ ಏನೆಂದು ನೋಡಲು ಕೆಲಸಗಾರರು ಸುತ್ತಿಗೆ, ಉಳಿ ತಂದರು. ಒಳಗಿದ್ದದ್ದು ನೈಟ್ರೋಗ್ಲಿಸರಿನ್. ಹದಿನೈದು ಜನ ಸತ್ತರು. ಕಟ್ಟಡಕ್ಕಾದ ನಷ್ಟದ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1872ರಲ್ಲಿ ತೀರ್ಪು ಬಂತು: ಪೆಟ್ಟಿಗೆಯಲ್ಲಿ ಏನಿದೆ ಎಂದು ಸಾಗಣೆದಾರನಿಗೆ ಗೊತ್ತಿರಲಿಲ್ಲ, ಅನುಮಾನಪಡಲು ಕಾರಣವೂ ಇರಲಿಲ್ಲ, ಆದ್ದರಿಂದ ಅವನ ತಪ್ಪಿಲ್ಲ. ಆ ಕಾಲಕ್ಕೆ ಈ ತೀರ್ಪು ನ್ಯಾಯವೇ ಆಗಿತ್ತೆನ್ನಿ. ನೈಟ್ರೋಗ್ಲಿಸರಿನ್ ಎಂಬ ಹೆಸರನ್ನೇ ಆಗ ಹೆಚ್ಚಿನವರು ಕೇಳಿರಲಿಲ್ಲ. ಮುಂದಿನ ನೂರು ವರ್ಷಗಳ ಕಥೆಯನ್ನು ಈ ತೀರ್ಪು ನಿಧಾನವಾಗಿ ತಿರುಗುಮುರುಗಾದ ಕಥೆ ಎಂದು ಓದಬಹುದು. ಗೊತ್ತಿರಲಿಲ್ಲ ಎಂಬ ಮಾತು ರಕ್ಷಣೆಯಾಗಿದ್ದದ್ದು ಅಪರಾಧವಾಗುವವರೆಗಿನ ಕಥೆ.

ನಮ್ಮಲ್ಲಿ ಬ್ರಿಟಿಷರು 1884ರಲ್ಲಿ ಸ್ಫೋಟಕಗಳ ಕಾಯ್ದೆ ತಂದರು. ರೈಲ್ವೆಯಲ್ಲಿ ಅಪಾಯಕಾರಿ ಸರಕಿನ ನಿಯಮಪುಸ್ತಕಕ್ಕೆ ‘ರೆಡ್ ಟ್ಯಾರಿಫ್’ ಎಂದೇ ಹೆಸರು. ವಿಮಾನ ಬಂದದ್ದು ತಡವಾಗಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ಹಾರಿದರು. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಟಾಟಾ ಅವರ ಆ ವಿಮಾನ ಅಂಚೆ ಸೇವೆಯ ನಿಲ್ದಾಣವೊಂದು ಸಿಂಧನೂರಿನಿಂದ ಅಷ್ಟೇನೂ ದೂರವಿಲ್ಲದ ಬಳ್ಳಾರಿಯಾಗಿತ್ತು ಎಂಬುದು ನಮ್ಮ ಭಾಗದವರಿಗೇ ಗೊತ್ತಿರುವುದಿಲ್ಲ. ಆ ಹಾರಾಟದಲ್ಲಿ ಅಹಮದಾಬಾದಿನಲ್ಲಿ ವಿಮಾನಕ್ಕೆ ಬೇಕಾದ ಪೆಟ್ರೋಲು ಎತ್ತಿನ ಗಾಡಿಯಲ್ಲಿ ಡಬ್ಬಿಗಳಲ್ಲಿ ಬಂತೆಂದು ಹೇಳುತ್ತಾರೆ. ಗಾಡಿ ಹೊಡೆಯುವವನು ಬೀಡಿ ಸೇದುತ್ತಿದ್ದನೋ ಇಲ್ಲವೋ!

1937ರ ವಿಮಾನ ನಿಯಮಗಳು ಸರ್ಕಾರದ ಅನುಮತಿಯಿಲ್ಲದೆ ಶಸ್ತ್ರಾಸ್ತ್ರ, ಸ್ಫೋಟಕ, ಅಪಾಯಕಾರಿ ಸರಕುಗಳನ್ನು ವಿಮಾನದಲ್ಲಿ ಒಯ್ಯಬಾರದು ಎಂದವು. ಬೇಡ ಎನ್ನುವುದಷ್ಟೇ ಆ ನಿಯಮದ ಕೆಲಸ. ಒಯ್ಯಲೇಬೇಕಾದರೆ ಹೇಗೆ, ಯಾರು, ಏನನ್ನು ಕಲಿತವರು ಎಂಬ ಯೋಚನೆ ಅದರಲ್ಲಿ ಇರಲಿಲ್ಲ.

ಇಲ್ಲಿ ನಮ್ಮ ಸೀಮೆಯ ಒಂದು ಪ್ರಕರಣವನ್ನು ಹೇಳಲೇಬೇಕು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಲು ಒಪ್ಪದೆ, ಗಡಿಗಳಲ್ಲಿ ದಿಗ್ಬಂಧನವಿದ್ದಾಗ, ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ ಕರಾಚಿಯಿಂದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಬಂದೂಕು, ಮದ್ದುಗುಂಡುಗಳನ್ನು ತುಂಬಿಸಿ ಬೀದರ್, ವರಂಗಲ್‌ನಂಥ ನಿಲ್ದಾಣಗಳಿಗೆ ಕದ್ದು ಸಾಗಿಸಿದ. ಲ್ಯಾಂಕಾಸ್ಟ್ರಿಯನ್ ಎಂದರೆ ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರನ್ನೇ ಪ್ರಯಾಣಿಕರಿಗೂ ಸರಕಿಗೂ ಒಗ್ಗಿಸಿದ ವಿಮಾನ. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯೊಂದಿಗೆ ಈ ಹಾರಾಟ ಮುಗಿಯಿತು. ಮುಂದೆ ಬ್ರಿಟನ್ನಿನಲ್ಲಿ ಕಾಟನ್‌ಗೆ 200 ಪೌಂಡ್ ದಂಡ ಬಿತ್ತು. ಹೈದರಾಬಾದ್ ವಿಲೀನದ ಬಗ್ಗೆ ಬರೆದವರೆಲ್ಲ ಕಾಟನ್ನನ ಸಾಹಸವನ್ನು ಸಿನಿಮಾ ಕಥೆಯಂತೆ ಹೇಳುತ್ತಾರೆ. ನನಗೆ ಕಾಡುವುದು ಆ ವಿಮಾನದ ಹೊಟ್ಟೆಯಿಂದ ಪೆಟ್ಟಿಗೆ ಇಳಿಸಿದ ಕೂಲಿಗಳ ಚಿತ್ರ. ಕದ್ದು ತಂದ ಸರಕಿನ ಮೇಲೆ ನಿಜವಾದ ಹೆಸರು ಬರೆಯುವವರು ಯಾರು? ಸಾವಧಾನವಾಗಿ ಇಳಿಸಿ ಎಂದು ಹೇಳಲು ಬೇಕಾದ ಒಂದೇ ಒಂದು ಮಾತನ್ನು ಆಡುವಂತಿಲ್ಲದ ವ್ಯಾಪಾರ ಅದು. ಇತಿಹಾಸದಲ್ಲಿ ಕಾಟನ್ ಇದ್ದಾನೆ, ಲಾಯಕ್ ಅಲಿ ಇದ್ದಾರೆ, ಆ ಕೂಲಿಗಳು ಇಲ್ಲ.

ಅದೇ ಕಾಲಕ್ಕೆ, 1920ರ ದಶಕದಿಂದ ಮುಚ್ಚಿಹೋಗಿದ್ದ ಹಟ್ಟಿಗೆ ಮತ್ತೆ ಜೀವ ಬರುತ್ತಿತ್ತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಹುಟ್ಟಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಅದಕ್ಕೆ ಹಟ್ಟಿಯ ಹೆಸರು ಬಂತು. ಕಾಕತಾಳೀಯವೆಂಬಂತೆ, ಅದೇ 1956ರಲ್ಲಿ ಜಗತ್ತಿನ ವಿಮಾನ ಕಂಪನಿಗಳ ಒಕ್ಕೂಟವಾದ ಐಯಾಟಾ ನಿರ್ಬಂಧಿತ ವಸ್ತುಗಳ ಸಾಗಣೆಯ ಮೊದಲ ನಿಯಮಾವಳಿ ಹೊರತಂದಿತು. ವಿಶ್ವಸಂಸ್ಥೆಯ ತಜ್ಞರ ಸಮಿತಿಯ ಮೊದಲ ಶಿಫಾರಸುಗಳೂ ಅದೇ ವರ್ಷದವು. ಅಪಾಯಕಾರಿ ಸರಕನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ, ಪ್ರತಿಯೊಂದು ವಸ್ತುವಿಗೂ ನಾಲ್ಕಂಕಿಯ ಸಂಖ್ಯೆ ಕೊಡುವ ಪದ್ಧತಿ ಬೆಳೆದದ್ದು ಈ ಬುನಾದಿಯ ಮೇಲೆ. ಹಟ್ಟಿಯಂಥ ಗಣಿಗಳು ಬಳಸುವ ಸೋಡಿಯಂ ಸಯನೈಡಿನ ಸಂಖ್ಯೆ 1689. ಟೋಕಿಯೋದಲ್ಲಾಗಲಿ ಲಿಂಗಸುಗೂರಿನಲ್ಲಾಗಲಿ ಅದು 1689ರೇ.

ಇಷ್ಟಾದರೂ ಪುಸ್ತಕ ಕಪಾಟಿನಲ್ಲಿತ್ತು, ಪೆಟ್ಟಿಗೆ ಗೋದಾಮಿನಲ್ಲಿತ್ತು. ಎರಡರ ನಡುವೆ ಎಷ್ಟು ದೂರವಿದೆ ಎಂದು ಜಗತ್ತಿಗೆ ಗೊತ್ತಾದದ್ದು 1973ರ ನವೆಂಬರ್ 3ರಂದು. ಪ್ಯಾನ್ ಆಮ್ ಕಂಪನಿಯ ಬೋಯಿಂಗ್ 707 ಸರಕು ವಿಮಾನ ನ್ಯೂಯಾರ್ಕಿನಿಂದ ಸ್ಕಾಟ್ಲೆಂಡಿಗೆ ಹೊರಟಿತ್ತು. ಹೊರಟು ಸ್ವಲ್ಪ ಹೊತ್ತಿಗೆ ಒಳಗೆಲ್ಲ ಹೊಗೆ. ಬೋಸ್ಟನ್ನಿನಲ್ಲಿ ಇಳಿಸಲು ನೋಡಿದರು, ರನ್‌ವೇ ತಲುಪುವ ಮೊದಲೇ ವಿಮಾನ ಬಿದ್ದು ಮೂವರು ಸಿಬ್ಬಂದಿ ಸತ್ತರು. ಸರಕಿನಲ್ಲಿ ಗಾಜಿನ ಬಾಟಲಿಗಳಲ್ಲಿ ತುಂಬಿದ ನೈಟ್ರಿಕ್ ಆಮ್ಲವಿತ್ತು. ಬಾಟಲಿ ಅಲ್ಲಾಡದಂತೆ ಸುತ್ತ ತುಂಬಿದ್ದದ್ದು ಮರದ ಹೊಟ್ಟು. ನೈಟ್ರಿಕ್ ಆಮ್ಲ ಸೋರಿ ಮರದ ಹೊಟ್ಟಿಗೆ ತಾಗಿದರೆ ಏನಾಗುತ್ತದೆ ಎಂದು ಪಿಯುಸಿ ರಸಾಯನಶಾಸ್ತ್ರದ ಹುಡುಗನೂ ಹೇಳುತ್ತಾನೆ. ಹೊಟ್ಟು ತುಂಬಿದವನಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಈ ಅಪಘಾತದ ತನಿಖಾ ವರದಿ ನನ್ನ ಮಟ್ಟಿಗೆ ಇಡೀ ಕಥೆಯ ತಿರುವು. ಸೋರಿದ ಆಮ್ಲವೇ ಹೊಗೆಗೆ ಮೂಲವಿರಬೇಕು ಎಂದು ಹೇಳಿ ಅದು ಕೈತೊಳೆದುಕೊಳ್ಳಲಿಲ್ಲ. ನಿಯಮಗಳು ಇದ್ದವು, ಪಾಲನೆ ಇರಲಿಲ್ಲ. ನಿಯಮಗಳು ಅಷ್ಟು ಜಟಿಲವಾಗಿದ್ದವು ಮತ್ತು ಕೈಯಲ್ಲಿ ಕೆಲಸ ಮಾಡುವ ಮಟ್ಟದಲ್ಲಿ ಇಡೀ ಉದ್ಯಮಕ್ಕೇ ಅವುಗಳ ಪರಿಚಯವಿರಲಿಲ್ಲ ಎಂಬುದನ್ನೂ ಕಾರಣಗಳ ಸಾಲಿನಲ್ಲಿ ಸೇರಿಸಿತು. 1872ರ ಕೋರ್ಟಿಗೆ ಅಜ್ಞಾನ ಕ್ಷಮೆಗೆ ಕಾರಣವಾಗಿತ್ತು. ನೂರು ವರ್ಷದ ನಂತರದ ತನಿಖೆಗೆ ಅದೇ ಅಜ್ಞಾನ ಅಪಘಾತಕ್ಕೆ ಕಾರಣ. ಅದೂ ಒಬ್ಬ ಕೂಲಿಯ ಅಜ್ಞಾನವಲ್ಲ, ಅವನಿಗೆ ಕಲಿಸದ ವ್ಯವಸ್ಥೆಯದು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 1981ರಲ್ಲಿ ತನ್ನ ಒಡಂಬಡಿಕೆಗೆ ಹದಿನೆಂಟನೇ ಅನುಬಂಧವನ್ನು ಅಂಗೀಕರಿಸಿತು. 1984ರಿಂದ ಅದು ಜಾರಿಗೆ ಬಂತು. ಸರಕು ಕಳಿಸುವವನು, ಕಟ್ಟುವವನು, ಸ್ವೀಕರಿಸುವ ಗುಮಾಸ್ತ, ಹೇರುವ ಲೋಡರ್, ಬ್ಯಾಗು ತಪಾಸಣೆ ಮಾಡುವವರು, ಗಗನಸಖಿ, ಪೈಲಟ್, ಹೀಗೆ ಕೈ ಮುಟ್ಟುವ ಎಲ್ಲರಿಗೂ ಅವರವರ ಕೆಲಸಕ್ಕೆ ತಕ್ಕ ತರಬೇತಿ ಕಡ್ಡಾಯವಾಯಿತು. ಪರೀಕ್ಷೆ ಬರೆಯಬೇಕು, ಇಪ್ಪತ್ತನಾಲ್ಕು ತಿಂಗಳೊಳಗೆ ಮತ್ತೆ ಕಲಿಯಬೇಕು. ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ನಿಯಮಗಳು ಬಂದದ್ದು 2003ರಲ್ಲಿ.

ತರಬೇತಿ ಎಂದರೇನು ಎಂಬುದನ್ನು ನಾನು ತಿಳಿದದ್ದು ಸಿಂಧನೂರು ಕಡೆಯ ಗೆಳೆಯನೊಬ್ಬನಿಂದ. ಅವನು ಬೆಂಗಳೂರಿನಲ್ಲಿ ವಿಮಾನ ಸರಕಿನ ಕೆಲಸದಲ್ಲಿದ್ದಾನೆ. ಮೊದಲ ದಿನ ಅವನನ್ನು ಬೆರಗುಗೊಳಿಸಿದ್ದು ಕೊಬ್ಬರಿಯಂತೆ. ಒಣ ಕೊಬ್ಬರಿ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಅದಕ್ಕೂ 1363 ಎಂಬ ಸಂಖ್ಯೆ ಇದೆ. “ಉಡಿ ತುಂಬೋ ಕೊಬ್ರಿಗೂ ನಂಬರ್ ಐತಿ ನೋಡೋ” ಎಂದು ನಕ್ಕಿದ್ದ. ಆಮೇಲೆ ಕಲಿಸುವುದೆಲ್ಲ ಅನುಮಾನಪಡುವ ವಿದ್ಯೆ. ‘ಮನೆ ಸಾಮಾನು’ ಎಂದು ಬರೆದಿದ್ದರೆ ಒಳಗೆ ಗ್ಯಾಸ್ ಡಬ್ಬಿ ಇರಬಹುದು. ‘ಬಿಡಿಭಾಗ’ ಎಂದಿದ್ದರೆ ಬ್ಯಾಟರಿ ಇರಬಹುದು. ಒಂದು ಚೀಟಿ ತಪ್ಪಿದ್ದರೂ, ಬಾಣದ ಗುರುತು ಒಂದೇ ಬದಿಗಿದ್ದರೂ ಪೆಟ್ಟಿಗೆ ವಾಪಸ್. ಒಪ್ಪಿದ ಪೆಟ್ಟಿಗೆ ವಿಮಾನದ ಯಾವ ಮೂಲೆಯಲ್ಲಿದೆ ಎಂದು ಕ್ಯಾಪ್ಟನ್ ಕೈಗೆ ಲಿಖಿತ ಸೂಚನೆ ಹೋಗಬೇಕು. ಒಟ್ಟಿನಲ್ಲಿ ಗೊತ್ತಿರಲಿಲ್ಲ ಎನ್ನಲು ಯಾರಿಗೂ ದಾರಿ ಇರಬಾರದು.

ಹಾಗೆಂದು ತರಬೇತಿಯೇ ಸರ್ವರೋಗಕ್ಕೂ ಮದ್ದಲ್ಲ. 1996ರ ಮೇ 11ರಂದು ಮಯಾಮಿ ಬಳಿ ಜೌಗು ನೆಲಕ್ಕೆ ಬಿದ್ದ ವ್ಯಾಲ್ಯೂಜೆಟ್ ವಿಮಾನದಲ್ಲಿ 110 ಜನ ಸತ್ತರು. ಸರಕಿನಲ್ಲಿದ್ದದ್ದು ಹಳೆಯ ಆಮ್ಲಜನಕ ಉತ್ಪಾದಕಗಳು. ಅವಕ್ಕೆ ಸುರಕ್ಷತಾ ಮುಚ್ಚಳ ಹಾಕಿರಲಿಲ್ಲ, ಹಾಕಿದ್ದೇವೆ ಎಂದು ಸಹಿ ಮಾತ್ರ ಇತ್ತು. ಕಾಗದದಲ್ಲಿ ‘ಖಾಲಿ’ ಎಂದು ಬರೆದಿತ್ತು. ಅವಧಿ ಮುಗಿದದ್ದಕ್ಕೂ ಬಳಸಿ ಬರಿದಾದದ್ದಕ್ಕೂ ಇಂಗ್ಲಿಷಿನಲ್ಲಿ ‘ಎಕ್ಸ್‌ಪೈರ್ಡ್’, ‘ಎಕ್ಸ್‌ಪೆಂಡೆಡ್’ ಎಂಬ ಅಕ್ಕತಂಗಿಯರಂಥ ಪದಗಳಿವೆ. ಅವಧಿ ಮುಗಿದಿದ್ದ ಆ ಡಬ್ಬಿಗಳು ಬರಿದಾಗಿರಲಿಲ್ಲ. ಭಾಷೆಯನ್ನು ಓದುವ ನಮ್ಮಂಥವರು ಪದವೊಂದರ ಛಾಯೆಯ ಬಗ್ಗೆ ಸೆಮಿನಾರಿನಲ್ಲಿ ಜಗಳಾಡುತ್ತೇವೆ. ಅದೇ ಜಗಳ ಆ ಗೋದಾಮಿನಲ್ಲಿ ಆಗಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು! 2000ದ ಮಾರ್ಚಿನಲ್ಲಿ ಬೀಜಿಂಗಿನಿಂದ ಕ್ವಾಲಾಲಂಪುರಕ್ಕೆ ಬಂದ ಮಲೇಷಿಯಾದ ವಿಮಾನದಲ್ಲಿ ಚೆನ್ನೈಗೆ ಹೋಗಬೇಕಿದ್ದ 80 ಡಬ್ಬಿಗಳಿದ್ದವು. ಕಾಗದದ ಪ್ರಕಾರ ನಿರಪಾಯದ ಪುಡಿ. ಒಳಗಿದ್ದದ್ದು ಆಕ್ಸಲೈಲ್ ಕ್ಲೋರೈಡ್ ಎಂಬ ಉಗ್ರ ದ್ರವ. ಅದು ಸೋರಿ, ಇಳಿಸಲು ಹೋದ ಕೆಲಸಗಾರರು ಅಸ್ವಸ್ಥರಾದರು. ಒಳಗೆಲ್ಲ ತಿಂದುಹೋದ ವಿಮಾನ ಮತ್ತೆ ಹಾರಲಿಲ್ಲ. ಕಲಿತ ಕಣ್ಣಿಗೂ ಸುಳ್ಳು ಬರೆದ ಪೆಟ್ಟಿಗೆ ಕಾಣುವುದಿಲ್ಲ.

ಈ ಕಟ್ಟುನಿಟ್ಟು ವಿಮಾನದ ಬಾಗಿಲಲ್ಲೇ ನಿಂತುಬಿಡುತ್ತದೆ ಎಂಬುದು ನನ್ನ ತಕರಾರು. ಅದೇ ಗೆಳೆಯ ಒಮ್ಮೆ ಊರಿಗೆ ಹೋಗಿ ಬಂದವನು ಹೇಳಿದ: “ಅಲ್ಲಿ ಚೀಟಿ ತಪ್ಪಿದ್ರ ಪೆಟ್ಟಿಗಿ ಮುಟ್ಟಂಗಿಲ್ಲ. ನಮ್ಮೂರಾಗ ಎಣ್ಣಿ ಬಾಟ್ಲಿ ಕಾಯಿಪಲ್ಲೆ ಚೀಲದಾಗ ಇಟ್ಕೊಂಡು ಬಸ್ ಹತ್ತತಾರ.” ಎಣ್ಣೆ ಎಂದರೆ ಕೀಟನಾಶಕ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ನೆಲ್ಲಿನ ಕಣಜವಾಯಿತು, ಕ್ಯಾಂಪುಗಳು ಎದ್ದವು, ನೆಲ್ಲಿನ ಹಿಂದೆ ಔಷಧದ ಅಂಗಡಿಗಳು ಬಂದವು. ವಿಷಕ್ಕೆ ನಮ್ಮ ರೈತರು ‘ಎಣ್ಣಿ’ ಎಂದರು, ಪೇಟೆಯವರು ‘ಔಷಧ’ ಎಂದರು. ಅಡುಗೆಮನೆಯ ಹೆಸರು ಒಂದು, ಆಸ್ಪತ್ರೆಯ ಹೆಸರು ಇನ್ನೊಂದು. ಎರಡರಲ್ಲೂ ಅಪಾಯದ ಸುಳಿವಿಲ್ಲ.

ಈ ವಿಷದ ಕಾನೂನು ಹುಟ್ಟಿದ್ದೂ ಸಾಗಣೆಯ ಅಪಘಾತದಿಂದಲೇ. 1958ರಲ್ಲಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಗೋಧಿಯ ತಿನಿಸು ತಿಂದು ಸತ್ತರು. ಹಡಗಿನಲ್ಲಿ ಆ ಆಹಾರದ ಜೊತೆಗೇ ಪ್ಯಾರಾಥಿಯಾನ್ ಕೀಟನಾಶಕವನ್ನೂ ಹೇರಿದ್ದರು. ಅದು ಸೋರಿ ಚೀಲಗಳಿಗೆ ಇಳಿದಿತ್ತು. ವಿಚಾರಣಾ ಆಯೋಗ ಕೂತು, ಹತ್ತು ವರ್ಷದ ಬಳಿಕ 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ಡಬ್ಬಿಗಳ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತುಗಳು ಬಂದವು. ಕೆಂಪು ಅತಿ ಘೋರ ವಿಷಕ್ಕೆ, ಹಸಿರು ಕಡಿಮೆಯದ್ದಕ್ಕೆ. ಗುರುತೇನೋ ಬಂತು. ಆ ಬಣ್ಣಗಳ ಅರ್ಥ ಬಿಡಿಸಿ ಹೇಳಿ ಎಂದು ಔಷಧ ಹೊಡೆಯುವ ಕೂಲಿಯಾಳನ್ನು ಕೇಳಿ ನೋಡಿ. ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಬರೆಯುವ ಲೋಡರ್ ಆ ಡಬ್ಬಿಯನ್ನು ಕೆಲವು ನಿಮಿಷ ಮುಟ್ಟುತ್ತಾನೆ. ಈ ಕೂಲಿಯಾಳು ಬೆನ್ನಿಗೆ ಕಟ್ಟಿಕೊಂಡು ಇಡೀ ದಿನ ನಡೆಯುತ್ತಾನೆ.

ವಿಮಾನದ ನಿಯಮದಲ್ಲೂ ಒಂದು ಕಂಡಿ ಇದೆ. ಕೀಟನಾಶಕವನ್ನು ಡಬ್ಬಿಯಲ್ಲಿಟ್ಟು ಒಯ್ದರೆ ಅದು ಅಪಾಯಕಾರಿ ಸರಕು. ಅದೇ ದ್ರವವನ್ನು ಕೃಷಿಗಾಗಿ ಆಕಾಶದಿಂದ ಚೆಲ್ಲಲು ಒಯ್ದರೆ ಅಂತರರಾಷ್ಟ್ರೀಯ ಸೂಚನೆಗಳು ಅದನ್ನು ವಿನಾಯಿತಿಯ ಪಟ್ಟಿಗೆ ಸೇರಿಸುತ್ತವೆ. ಈ ವಿನಾಯಿತಿಯ ಕೆಳಗೆ ಬದುಕಿದವರು ಕಾಸರಗೋಡಿನ ಕನ್ನಡಿಗರು. ಎಣ್ಮಕಜೆ, ಪಡ್ರೆ, ಸ್ವರ್ಗದಂಥ ಊರುಗಳ ಸುತ್ತಲಿನ ಸರ್ಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಸುರಿಯಿತು. ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ಬಳಿ ಬರುವ ಕಾಯಿಲೆಗಳಲ್ಲಿ ಏನೋ ವಿಚಿತ್ರವಿದೆ ಎಂದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಬರೆದು ಹೊರಜಗತ್ತಿಗೆ ತಿಳಿಸಿದರು. ದೇಶದಾದ್ಯಂತ ಎಂಡೋಸಲ್ಫಾನ್ ಮೇಲೆ ಸುಪ್ರೀಂ ಕೋರ್ಟ್ ನಿಷೇಧ ಹೇರಿದ್ದು 2011ರ ಮೇ ತಿಂಗಳಲ್ಲಿ. ಹೆಲಿಕಾಪ್ಟರಿನ ಪೈಲಟ್‌ಗೆ ಹಾರಿಸುವ ತರಬೇತಿ ಇತ್ತು. ಕೆಳಗಿದ್ದವರಿಗೆ ಬಾವಿ ಮುಚ್ಚಿಕೊಳ್ಳಿ ಎಂದದ್ದು ಬಿಟ್ಟರೆ ಹೆಚ್ಚೇನೂ ಹೇಳಿರಲಿಲ್ಲ. ಹೊಳೆ, ಸುರಂಗಗಳಿಂದ ನೀರು ಕುಡಿಯುವ ಗುಡ್ಡದೂರುಗಳಲ್ಲಿ ಬಾವಿ ಮುಚ್ಚಿ ಏನಾಗಬೇಕು?

ಈಗ ಆ ಹೆಲಿಕಾಪ್ಟರ್ ಸಣ್ಣದಾಗಿ ನಮ್ಮ ಗದ್ದೆಗಳಿಗೆ ಬರುತ್ತಿದೆ. ದೇಶದ 2021ರ ಡ್ರೋನ್ ನಿಯಮಗಳಲ್ಲಿ ಒಂದು ಸಾಲಿದೆ: ಅಪಾಯಕಾರಿ ಸರಕನ್ನು ಡ್ರೋನಿನಲ್ಲಿ ಒಯ್ಯುವುದಾದರೆ 2003ರ ವಿಮಾನ ನಿಯಮಗಳನ್ನು ಪಾಲಿಸಬೇಕು. ಅದೇ ವರ್ಷದ ಕೊನೆಗೆ ಕೃಷಿ ಸಚಿವಾಲಯ ಡ್ರೋನಿನಿಂದ ಕೀಟನಾಶಕ ಸಿಂಪಡಿಸಲು ಪ್ರತ್ಯೇಕ ಕಾರ್ಯವಿಧಾನ ಹೊರಡಿಸಿತು. 2023ರ ‘ನಮೋ ಡ್ರೋನ್ ದೀದಿ’ ಯೋಜನೆಯಲ್ಲಿ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡಬೇಕೆಂದಿದೆ. ಸಂಘದ ಒಬ್ಬ ಸದಸ್ಯೆಗೆ ಹದಿನೈದು ದಿನದ ತರಬೇತಿ: ಐದು ದಿನ ಹಾರಿಸುವುದಕ್ಕೆ, ಹತ್ತು ದಿನ ಗೊಬ್ಬರ, ಕೀಟನಾಶಕ ಸಿಂಪಡಣೆಗೆ.

ಹತ್ತು ದಿನ ಹೆಚ್ಚೋ ಕಡಿಮೆಯೋ ಎಂದು ಲೆಕ್ಕ ಹಾಕುವುದಕ್ಕಿಂತ ಆ ಹತ್ತು ದಿನಗಳಲ್ಲಿ ಯಾವ ಪದಗಳನ್ನು ಕಲಿಸುತ್ತಾರೆ ಎಂಬ ಕುತೂಹಲ ನನಗೆ ಹೆಚ್ಚು. ಟ್ಯಾಂಕು ತುಂಬಿಸುವ ಅಕ್ಕನಿಗೆ ಡಬ್ಬಿಯ ಮೇಲಿನ ಬಣ್ಣದ ಅರ್ಥವನ್ನು ಯಾವ ಭಾಷೆಯಲ್ಲಿ ಹೇಳುತ್ತಾರೆ? ಪಕ್ಕದ ಹೊಲದಲ್ಲಿ ಕಳೆ ತೆಗೆಯುವವರಿಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಕೂಗಿ ಹೇಳುವುದನ್ನು ಕಲಿಸುತ್ತಾರೆಯೇ? ಕ್ಯಾಪ್ಟನ್‌ಗೆ ಕೊಡುವ ಚೀಟಿಯಂತೆ, ಕಾಲುವೆಯ ಕೆಳಗಿನ ಊರಿಗೂ ಒಂದು ಚೀಟಿ ಹೋಗುತ್ತದೆಯೇ? ಅಲ್ಲಿಯೂ ಅದನ್ನು ‘ಎಣ್ಣಿ’ ಎಂದೇ ಕರೆಯುತ್ತಾರೋ, ಅಥವಾ ಡಬ್ಬಿಯ ಮೇಲೆ ತಲೆಬುರುಡೆಯ ಪಕ್ಕದಲ್ಲಿ ಅಚ್ಚಾಗಿರುವ ಆ ಎರಡಕ್ಷರದ ಪದವನ್ನು ಬಾಯಿಬಿಟ್ಟು ಹೇಳುತ್ತಾರೋ?